ಕುಡಿದು ವಾಹನ ಓಡಿಸುವವರು ಮತ್ತು ಪೊಲೀಸರ ವಿವೇಚನಾಧಿಕಾರ

ಕುಡಿದು ವಾಹನ ಓಡಿಸಿದವರ ಮೇಲೆ ಕಾನೂನು ಪ್ರಯೋಗಿಸಬೇಕೇ, ಎಷ್ಟರಮಟ್ಟಿಗೆ ಪ್ರಯೋಗಿಸಬೇಕು ಎಂದು ಸ್ಥಳದಲ್ಲೇ ತೀರ್ಮಾನಿಸಲು ಪೊಲೀಸರಿಗಿರುವ ಅವಕಾಶವೇ ವಿವೇಚನಾಧಿಕಾರ. ಯಾವ ವಾಹನವನ್ನು ತಡೆಯಬೇಕು, ಯಾರನ್ನು ಊದಿಸಬೇಕು, ಕೇಸು ಹಾಕಬೇಕೇ, ಬುದ್ಧಿ ಹೇಳಿ ಕಳುಹಿಸಬೇಕೇ, ಕುಡಿಯದ ಜೊತೆಗಾರನ ಕೈಗೆ ಕೀಲಿ ಕೊಡಿಸಿದರೆ ಸಾಕೇ ಎಂಬ ಒಂದೊಂದೂ ಬೇರೆ ಬೇರೆ ತೀರ್ಮಾನ. ಕೇಸು ಹಾಕಿದರೆ ಅದು ಕಡತಕ್ಕೆ ಸೇರುತ್ತದೆ. ಬಿಟ್ಟು ಕಳುಹಿಸಿದರೆ ಗುರುತೇ ಉಳಿಯುವುದಿಲ್ಲ. ಹೀಗೆ ಗುರುತು ಉಳಿಯದ ತೀರ್ಮಾನಗಳನ್ನು ಬೆಳಕಿಗೆ ತರಲು ನಡೆದ ಪ್ರಯತ್ನವೇ ಈ ಅಧ್ಯಯನ ಕ್ಷೇತ್ರದ ಇತಿಹಾಸ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಗಮನವೆಲ್ಲ ಅಮಲನ್ನು ಅಳೆಯುವುದರ ಮೇಲಿತ್ತು. ಬಾಯಿಯ ವಾಸನೆ, ತೊದಲು ಮಾತು, ತೂರಾಡುವ ನಡಿಗೆಗಳೇ ಆಗಿನ ಸಾಕ್ಷ್ಯ. ನಾರ್ವೆ 1936ರಲ್ಲಿ ರಕ್ತದ ಮದ್ಯಾಂಶಕ್ಕೆ ಶೇ 0.05ರ ಮಿತಿ ಹಾಕಿ, ಅದನ್ನು ಮೀರುವುದೇ ಅಪರಾಧ ಎಂದಿತು. ಅಮೆರಿಕದಲ್ಲಿ ರೋಲ್ಲಾ ಹಾರ್ಗರ್ ರೂಪಿಸಿದ, ಉಸಿರಿನಿಂದ ಅಮಲನ್ನು ಅಳೆಯುವ ‘ಡ್ರಂಕೋಮೀಟರ್’ 1938ರಲ್ಲಿ ಇಂಡಿಯಾನಾಪೊಲಿಸ್ ಪೊಲೀಸರ ಕೈಸೇರಿತು. ಇಂಡಿಯಾನಾ ರಾಜ್ಯ ಪೊಲೀಸ್ ಇಲಾಖೆಯಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ‘ಬ್ರೆತಲೈಸರ್’ ಕಂಡುಹಿಡಿದರು. ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಅವರ ತಂಡ ನಡೆಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನವು ಮದ್ಯಾಂಶ ಏರಿದಂತೆ ಅಪಘಾತದ ಸಾಧ್ಯತೆಯೂ ತೀವ್ರವಾಗಿ ಏರುವುದನ್ನು ತೋರಿಸಿತು. ಬ್ರಿಟನ್ 1967ರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಮಿತಿಯನ್ನು ಜಾರಿಗೆ ತಂದಿತು. ಎಷ್ಟು ಕುಡಿದಿದ್ದಾರೆ ಎಂಬುದಕ್ಕೆ ಯಂತ್ರದಲ್ಲಿ ಉತ್ತರವಿತ್ತು. ಯಾರನ್ನು ತಡೆದು ಊದಿಸಬೇಕು ಎಂಬುದಕ್ಕೆ ಇರಲಿಲ್ಲ.

ಆ ಪ್ರಶ್ನೆ ಬಂದದ್ದು ಬೇರೆ ದಿಕ್ಕಿನಿಂದ. ಪೊಲೀಸರು ಎಲ್ಲ ಕಾನೂನನ್ನೂ ಎಲ್ಲರ ಮೇಲೂ ಸಮನಾಗಿ ಜಾರಿಮಾಡುತ್ತಾರೆ ಎಂದೇ ಕಾನೂನು ಪಂಡಿತರು ನಂಬಿದ್ದರು. ಅಮೆರಿಕನ್ ಬಾರ್ ಫೌಂಡೇಷನ್ 1950ರ ದಶಕದ ಮಧ್ಯಭಾಗದಲ್ಲಿ ಸಂಶೋಧಕರನ್ನು ಪೊಲೀಸರ ಜೊತೆಗೇ ಗಸ್ತಿಗೆ ಕಳುಹಿಸಿದಾಗ ಆ ನಂಬಿಕೆ ಕುಸಿಯಿತು. ಕಾನೂನನ್ನು ಪ್ರಯೋಗಿಸದೆ ಬಿಡುವುದು ಪೊಲೀಸರ ದಿನನಿತ್ಯದ ಕೆಲಸದ ಭಾಗವೇ ಆಗಿತ್ತು. ಜೋಸೆಫ್ ಗೋಲ್ಡ್‌ಸ್ಟೈನ್ 1960ರ ಲೇಖನದಲ್ಲಿ, ಯಾರ ಕಣ್ಣಿಗೂ ಬೀಳದ ಈ ತೀರ್ಮಾನಗಳನ್ನು ಪರಿಶೀಲಿಸುವವರೇ ಇಲ್ಲ ಎಂದು ಎಚ್ಚರಿಸಿದರು. ವೇಯ್ನ್ ಲಫೇವ್ 1965ರಲ್ಲಿ ಬಂಧನದ ತೀರ್ಮಾನ ಕುರಿತೇ ಒಂದು ಗ್ರಂಥ ಬರೆದರು. ಜೇಮ್ಸ್ ಕ್ಯೂ. ವಿಲ್ಸನ್ 1968ರಲ್ಲಿ, ವಿವೇಚನೆ ಅಧಿಕಾರಿಯೊಬ್ಬರ ಸ್ವಭಾವವಷ್ಟೇ ಅಲ್ಲ, ಇಲಾಖೆಯ ಶೈಲಿಯೂ ಹೌದು ಎಂದು ವಾದಿಸಿದರು. ಕೆಲವು ಇಲಾಖೆಗಳು ಶಾಂತಿ ಕೆಡದಂತೆ ನೋಡಿಕೊಂಡು ಸುಮ್ಮನಾಗುತ್ತವೆ, ಕೆಲವು ಕಾನೂನಿನ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ, ಇನ್ನು ಕೆಲವು ಸೇವೆಗೆ ಒತ್ತು ಕೊಡುತ್ತವೆ ಎಂಬುದು ಅವರ ವಿಂಗಡಣೆ. ಮರುವರ್ಷವೇ ಕೆನೆತ್ ಕಲ್ಪ್ ಡೇವಿಸ್, ವಿವೇಚನೆಯನ್ನು ಅಳಿಸಲಾಗದು, ಬರಹದ ನಿಯಮಗಳಿಂದ ಅಂಕೆಯಲ್ಲಿಡಬಹುದು ಎಂಬ ವಾದ ಮುಂದಿಟ್ಟರು.

1980ರ ದಶಕದಲ್ಲಿ ಈ ಎರಡು ಧಾರೆಗಳೂ ಕೂಡಿದವು. ಮಗಳನ್ನು ಕಳೆದುಕೊಂಡ ಕ್ಯಾಂಡಿ ಲೈಟ್ನರ್ 1980ರಲ್ಲಿ ಕಟ್ಟಿದ ತಾಯಂದಿರ ಸಂಘಟನೆಯು ಪೊಲೀಸರ ಸಡಿಲಿಕೆಯನ್ನು ಸಾರ್ವಜನಿಕ ಪ್ರಶ್ನೆಯಾಗಿಸಿತು. ಮ್ಯಾಸಚೂಸೆಟ್ಸ್‌ನ ವೇರ್ ಪಟ್ಟಣದ ಪ್ರಕರಣವಂತೂ ಮನಕಲಕುವಂಥದ್ದು. ಅಮಲಿನಲ್ಲಿದ್ದ ಚಾಲಕನನ್ನು ಅಲ್ಲಿನ ಪೊಲೀಸರು ತಡೆದು, ಬಿಟ್ಟು ಕಳುಹಿಸಿದ್ದರು. ಕೆಲವೇ ನಿಮಿಷಗಳಲ್ಲಿ ಅವನ ವಾಹನ ಇನ್ನೊಂದಕ್ಕೆ ಅಪ್ಪಳಿಸಿ ತಂದೆ–ಮಗಳು ಸತ್ತರು. ರಾಜ್ಯದ ಅತ್ಯುನ್ನತ ನ್ಯಾಯಾಲಯ 1984ರಲ್ಲಿ ಪಟ್ಟಣವನ್ನೇ ಹೊಣೆಯಾಗಿಸಿತು. ಇಂಥ ಚಾಲಕನನ್ನು ರಸ್ತೆಯಿಂದ ತೆರವು ಮಾಡುವ ವಿಷಯದಲ್ಲಿ ವಿವೇಚನೆಯ ರಕ್ಷಣೆ ಸಿಗದು ಎಂದಿತು. ಸ್ಟೀಫನ್ ಮ್ಯಾಸ್ಟ್ರೊಫ್ಸ್‌ಕಿ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ ಪೊಲೀಸರನ್ನು ಅಧ್ಯಯನ ಮಾಡಿ, ಇಲಾಖೆಯ ಗಾತ್ರ ಮತ್ತು ಒಳಗಿನ ವಾತಾವರಣ ಬಂಧನಗಳ ಸಂಖ್ಯೆಯನ್ನು ಹೇಗೆ ನಿರ್ಧರಿಸುತ್ತವೆ ಎಂದು 1987ರಿಂದ ಬರೆಯತೊಡಗಿದರು. ಮೇಲಧಿಕಾರಿಗಳ ಒತ್ತಾಸೆ ಇಲ್ಲದ ಕಡೆ ತರಬೇತಿಯಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ಅವರ ಮುಖ್ಯ ಫಲಿತಾಂಶಗಳಲ್ಲೊಂದು.

ವಿವೇಚನೆಯನ್ನು ಕಿರಿದಾಗಿಸುವ ಇನ್ನೊಂದು ದಾರಿ ಎಲ್ಲರನ್ನೂ ತಪಾಸಣೆ ಮಾಡುವುದು. ಸಂಶಯವಿಲ್ಲದೆ ಮನಬಂದ ವಾಹನವನ್ನು ತಡೆಯುವುದು ಸಂವಿಧಾನಬಾಹಿರ ಎಂದು 1979ರಲ್ಲಿ ತೀರ್ಪಿತ್ತ ಅಮೆರಿಕದ ಸುಪ್ರೀಂ ಕೋರ್ಟ್, 1990ರಲ್ಲಿ ನಿಗದಿತ ನಿಯಮಗಳಡಿ ನಡೆಯುವ ತಪಾಸಣಾ ಠಾಣೆಗಳನ್ನು ಒಪ್ಪಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರ್‌ನಲ್ಲಿ, ಸಂಶಯವಿರಲಿ ಬಿಡಲಿ, ಯಾವ ಚಾಲಕನನ್ನಾದರೂ ಊದಿಸುವ ಪದ್ಧತಿ ತಂದಿತು. ಕಠಿಣ ಕಾನೂನಿನ ಭಯ ಬಹುಕಾಲ ನಿಲ್ಲದು, ಸಿಕ್ಕಿಬೀಳುವ ಸಂಭವ ಕಡಿಮೆ ಎಂದು ತಿಳಿದೊಡನೆ ಜನ ಹಳೆಯ ಚಾಳಿಗೆ ಮರಳುತ್ತಾರೆ ಎಂದು ಎಚ್. ಲಾರೆನ್ಸ್ ರಾಸ್ ಅದೇ ವರ್ಷ ತಮ್ಮ ಗ್ರಂಥದಲ್ಲಿ ತೋರಿಸಿದ್ದರು.

ಭಾರತದಲ್ಲಿ ಸಾಕ್ಷ್ಯದ ಪ್ರಶ್ನೆ ಮೊದಲು ಬಂತು. ವಾಸನೆ, ಅಸ್ಥಿರ ನಡಿಗೆ, ಹಿಗ್ಗಿದ ಕಣ್ಣಪಾಪೆ ಇಷ್ಟರಿಂದಲೇ ಮದ್ಯಪಾನ ಸಾಬೀತಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿತು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ 1994ರ ತಿದ್ದುಪಡಿಯ ನಂತರ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮಿತಿಯನ್ನು ನಿಗದಿ ಮಾಡಿದೆ. 2019ರ ತಿದ್ದುಪಡಿ ಮೊದಲ ಅಪರಾಧದ ದಂಡವನ್ನು 10,000 ರೂಪಾಯಿಗೆ ಏರಿಸಿತು. ಆರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ರಾಜಿ ಮಾಡಿ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇದಿಲ್ಲ. ಪ್ರಕರಣ ನ್ಯಾಯಾಲಯಕ್ಕೇ ಹೋಗಬೇಕು. ಬೆಂಗಳೂರಿನ ರಾತ್ರಿ ತಪಾಸಣೆಯಲ್ಲಿ ಆಲ್ಕೋಮೀಟರ್ ಪರದೆಯ ಮೇಲೆ 29 ಬಂದರೆ ಚಾಲಕ ಮನೆಗೆ, 31 ಬಂದರೆ ಕೇಸು: ಇಲ್ಲಿ ವಿವೇಚನೆಗೆ ಜಾಗ ಕಡಿಮೆ. ಆದರೆ ಬ್ಯಾರಿಕೇಡ್ ಹತ್ತಿರ ಬಂದ ಸಾಲಿನಲ್ಲಿ ಯಾರ ಬಾಯಿಯ ಬಳಿ ಆ ಯಂತ್ರ ಹಿಡಿಯಬೇಕು ಎಂಬುದು ನಿಂತಿರುವ ಅಧಿಕಾರಿಯ ಕಣ್ಣಂದಾಜಿಗೆ ಬಿಟ್ಟದ್ದು. ಅದೇ ಕಾಯ್ದೆಯ 203ನೇ ಕಲಂ ಕೇಳುವುದು ಸಂಶಯಕ್ಕೆ ಸಕಾರಣವನ್ನು. ಆ ಕಾರಣವನ್ನು ತೂಗುವವರು ಅವರೇ.

ಭಾರತದ ಗಮನಾರ್ಹ ಪ್ರಯೋಗ ನಡೆದದ್ದು ರಾಜಸ್ಥಾನದಲ್ಲಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಡೇನಿಯಲ್ ಕೆನಿಸ್ಟನ್ ಮತ್ತು ನೀನಾ ಸಿಂಗ್ ಅಲ್ಲಿನ ಪೊಲೀಸರೊಡನೆ ಸೇರಿ, ಕೆಲವು ಠಾಣೆಗಳಲ್ಲಿ ತಪಾಸಣೆಯನ್ನು ಒಂದೇ ಜಾಗದಲ್ಲಿ, ಕೆಲವೆಡೆ ಮೂರು ಜಾಗಗಳ ನಡುವೆ ಬದಲಿಸುತ್ತ ನಡೆಸಿದರು. ಜಾಗ ಬದಲಿಸಿದ ಕಡೆ ರಾತ್ರಿ ಅಪಘಾತಗಳು ಶೇ 17ರಷ್ಟು, ರಾತ್ರಿಯ ಸಾವುಗಳು ಶೇ 25ರಷ್ಟು ಕಡಿಮೆಯಾದವು. ಒಂದೇ ಜಾಗದ ತಪಾಸಣೆಯಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಚಾಲಕರು ಬಹುಬೇಗ ಸುತ್ತುದಾರಿ ಕಲಿತರು. ತಪಾಸಣೆಯ ಜಾಗವನ್ನು ಯೋಜನೆಯ ಪ್ರಕಾರ ಬದಲಿಸುತ್ತಿದ್ದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಇದು ಗಟ್ಟಿಯಾದ ಪುರಾವೆ.

ಯಂತ್ರ, ಮಿತಿ, ತೀರ್ಪು, ತರಬೇತಿ ಇವು ಯಾವುವೂ ವಿವೇಚನೆಯನ್ನು ಇಲ್ಲವಾಗಿಸಿಲ್ಲ. ಅದರ ಜಾಗವನ್ನು ಬದಲಿಸಿವೆ. ಕೇಸು ಹಾಕುವ ಗಳಿಗೆಯಲ್ಲಿದ್ದದ್ದು ಈಗ ತಡೆಯುವ ಗಳಿಗೆಗೆ ಸರಿದಿದೆ. ಆದ್ದರಿಂದ ಹಾಕಿದ ಕೇಸುಗಳ ಲೆಕ್ಕವಷ್ಟೇ ಸಾಲದು. ತಡೆದವರೆಷ್ಟು, ಊದಿಸಿದವರೆಷ್ಟು, ಬಿಟ್ಟವರೆಷ್ಟು, ಬಿಟ್ಟದ್ದು ಏಕೆ ಎಂಬುದನ್ನೂ ಪ್ರತಿ ಠಾಣೆ ಬರೆದಿಟ್ಟು ಸಾರ್ವಜನಿಕರ ಮುಂದಿಡಬೇಕು. ಅಲ್ಲಿಯವರೆಗೆ ಈ ಅಧಿಕಾರವನ್ನು ಪ್ರಶ್ನಿಸಲೂ ಆಗದು, ಸಮರ್ಥಿಸಲೂ ಆಗದು.