ಗೋಕರ್ಣ ಕರಾವಳಿಯಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ: ಹೋಗುವ ಮುನ್ನ ತಿಳಿಯಬೇಕಾದ್ದು

ಲಾಡ್ಜಿನ ಕೋಣೆಯ ಬದಲು ಇಡೀ ಮನೆಯನ್ನೇ ನಾಲ್ಕಾರು ದಿನ ಬಾಡಿಗೆ ಹಿಡಿದು, ಅಡುಗೆಯನ್ನು ತಾವೇ ಮಾಡಿಕೊಂಡು ಇರುವ ಪದ್ಧತಿ ಉತ್ತರ ಕನ್ನಡದ ಕರಾವಳಿಯಲ್ಲಿ ಬಳಕೆಗೆ ಬಂದಿದೆ. ಜತ್ತ ತಾಲೂಕಿನವರಿಗೆ ಇದು ಹೊಸದೇನಲ್ಲ. ಪಂಢರಪುರಕ್ಕೋ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ಹೊರಟವರು ಒಲೆ, ಹಿಟ್ಟು, ಪಾತ್ರೆ ಕಟ್ಟಿಕೊಂಡೇ ಹೋಗುತ್ತಾರೆ. ಗೋಕರ್ಣದಲ್ಲಿಯೂ ಯಾತ್ರಿಕರು ಪುರೋಹಿತರ ಮನೆಗಳಲ್ಲಿ ಇಳಿದುಕೊಳ್ಳುವುದು ಹಳೆಯ ರೂಢಿ. ಹತ್ತು ಹನ್ನೆರಡು ಜನರ ಕುಟುಂಬಕ್ಕೆ ಇಂಥ ಮನೆ ಹೋಟೆಲಿಗಿಂತ ಸೋವಿ ಬೀಳುತ್ತದೆ, ಮುದುಕರಿಗೆ ರೊಟ್ಟಿಯೂ ಸಿಗುತ್ತದೆ. ಆದರೆ ಬಯಲುಸೀಮೆಯವರಿಗೆ ಸಮುದ್ರದ ಪರಿಚಯ ಕಡಿಮೆ. ತೊಂದರೆ ಆಗುವುದು ಅಲ್ಲಿಯೇ.

ಗೋಕರ್ಣದ ದಕ್ಷಿಣಕ್ಕೆ ಗುಡ್ಡಗಳು ನೇರವಾಗಿ ಕಡಲಿಗೆ ಇಳಿಯುತ್ತವೆ. ಅವುಗಳ ನಡುವೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಕಡಲತೀರಗಳಿವೆ. ಕೊನೆಯ ಎರಡಕ್ಕೆ ಗುಡ್ಡದ ಕಾಲುದಾರಿ ಇಲ್ಲವೇ ದೋಣಿಯೇ ಗತಿ. ಇನ್ನೂ ದಕ್ಷಿಣಕ್ಕೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ ಇದೆ. 2024ರಲ್ಲಿ ಇದು ರಾಮ್‌ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಲ್ಲಿಗೆ ಬರುತ್ತವೆ. ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮಣ್ಣಿನಲ್ಲಿ ಸಿಗುವ ಬೆಳಚನ್ನು, ಅಂದರೆ ಮರಾಠಿಯವರ ತಿಸರ್‍ಯಾವನ್ನು, ಹೆಂಗಸರು ಆರಿಸಿ ಮಾರುತ್ತಾರೆ. ದಡದ ಹತ್ತಿರವೇ ಡಾಲ್ಫಿನ್ ಏಳುವುದನ್ನು ಕಾಣಬಹುದು. ಬಿಳಿ ಹೊಟ್ಟೆಯ ಕಡಲ ಹದ್ದು ಈ ಸೀಮೆಯದೇ.

ಹೋಗಲು ರಸ್ತೆ ಸುಲಭ. ವಿಜಯಪುರದಿಂದ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲಾದವರೆಗೆ ಒಂದೇ ಹೆದ್ದಾರಿ, ಸಂಖ್ಯೆ 52. ರೈಲಿನಲ್ಲಾದರೆ ಮೀರಜದಿಂದ ಮಡಗಾಂವ, ಅಲ್ಲಿಂದ ಕೊಂಕಣ ರೈಲ್ವೆಯ ಗೋಕರ್ಣ ರೋಡ್. ರೈಲಿನಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯುವಂತಿಲ್ಲ. 2023ರ ಆಗಸ್ಟ್ 26ರಂದು ಮದುರೈ ನಿಲ್ದಾಣದಲ್ಲಿ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತದ್ದು ಹೀಗೆ ಒಯ್ದ ಸಿಲಿಂಡರಿನಿಂದಲೇ. ಒಲೆ, ಗ್ಯಾಸು ಮನೆಯಲ್ಲಿಯೇ ಇದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳುವುದು ಸರಿ. ಜೋಳದ ಹಿಟ್ಟು, ಶೇಂಗಾ ಹಿಂಡಿ ಮನೆಯಿಂದಲೇ ಒಯ್ಯಬೇಕು. ಅಲ್ಲಿ ಅನ್ನದ ಊಟ, ಜೋಳದ ಹಿಟ್ಟು ಸುಲಭವಾಗಿ ಸಿಗದು. ಬಂಗಡೆ, ತಾರ್ಲೆ ಮೀನು ಬೆಳಿಗ್ಗೆ ಪೇಟೆಗೆ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಮೀನು ಕಡಿಮೆ, ದರ ಹೆಚ್ಚು.

ಮನೆ ಆರಿಸುವಾಗ ಕಿಟಕಿಯಿಂದ ಕಡಲು ಕಾಣುತ್ತದೆಯೇ ಎಂಬುದನ್ನು ಎಲ್ಲರೂ ಕೇಳುತ್ತಾರೆ, ಬಾವಿಯ ನೀರು ಹೇಗಿದೆ ಎಂದು ಕೇಳುವವರು ಕಡಿಮೆ. ದಡದ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಸವಳಾಗುವುದುಂಟು. ಟ್ಯಾಂಕರ್ ನೀರಿನ ಬೆಲೆ ಗೊತ್ತಿರುವ ಜತ್ತದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಲೀಕರು ಅದೇ ಅಂಗಳದಲ್ಲಿ ಇರುತ್ತಾರೆಯೇ, ವಾಹನ ಬಾಗಿಲವರೆಗೆ ಬರುತ್ತದೆಯೇ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂಬುದನ್ನೂ ನೋಡಬೇಕು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಗುಡ್ಡದಾಚೆಯ ಸುಂದರ ಮನೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನು ನೀರು. ಸಮುದ್ರ ಕೆರೆಯಲ್ಲ, ಬಾವಿಯಲ್ಲ. ಈಜು ಬಲ್ಲವರನ್ನೂ ಎಳೆದೊಯ್ಯುವ ಸೆಳೆತ ಅದಕ್ಕಿದೆ. 2024ರ ಡಿಸೆಂಬರ್ 10ರಂದು ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ವಸತಿ ಶಾಲೆಯ 4 ಹುಡುಗಿಯರು ನೀರುಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ಉಬ್ಬರ-ಇಳಿತ, ಮರಾಠಿಯಲ್ಲಿ ಭರತಿ-ಓಹೋಟಿ, ದಿನಕ್ಕೆ ಎರಡೆರಡು ಸಲ ಬರುತ್ತದೆ, ಹೊತ್ತು ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಜೋರು. ಇಳಿತದಲ್ಲಿ ಬಂಡೆ ಸುತ್ತಿ ಪಕ್ಕದ ತೀರಕ್ಕೆ ನಡೆದುಹೋದವರಿಗೆ ಉಬ್ಬರದಲ್ಲಿ ಹಿಂದಿರುಗುವ ದಾರಿ ಇರುವುದಿಲ್ಲ. ಬಂಡೆಗಳು ಪಾಚಿಯಿಂದ ಜಾರುತ್ತವೆ, ಅಂಟಿದ ಚಿಪ್ಪುಗಳು ಕಾಲು ಕೊಯ್ಯುತ್ತವೆ. ಜೀವರಕ್ಷಕರು ಇರುವ ತೀರದಲ್ಲಿ ಮಾತ್ರ, ಮೊಣಕಾಲು ಮಟ್ಟದವರೆಗೆ ಇಳಿಯಬೇಕು. ತುರ್ತು ಕರೆಗೆ 112.

ಅಡುಗೆ ಮಾಡಿಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಮುಸುರೆಯದು. ಈ ಜಿಲ್ಲೆಯ ಮರಳುದಂಡೆಗಳಲ್ಲಿ ಚಳಿಗಾಲದಿಂದ ಆಲಿವ್ ರಿಡ್ಲಿ ಕಡಲಾಮೆಗಳು ರಾತ್ರಿ ಹೊತ್ತು ಬಂದು ಮೊಟ್ಟೆ ಇಡುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಹೊನ್ನಾವರದ ಕಾಸರಕೋಡಿನಲ್ಲಿ ಅರಣ್ಯ ಇಲಾಖೆ ಮತ್ತು ಮೀನುಗಾರರು ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಉಳಿದ ಅನ್ನ, ಮೀನಿನ ಮುಳ್ಳು ಮರಳಿಗೆ ಎಸೆದರೆ ನಾಯಿಗಳು ಕೂಡುತ್ತವೆ, ಅವೇ ನಾಯಿಗಳು ಗೂಡು ಕೆದರುತ್ತವೆ. ಮರಿಗಳು ಬೆಳಕಿನ ಕಡೆಗೆ ನಡೆಯುವುದರಿಂದ ಕಡಲಿಗೆ ಮುಖ ಮಾಡಿದ ಪಡಸಾಲೆಯ ದೀಪ ಆರಿಸುವುದೂ ಅವಶ್ಯ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಕಡಲಾಮೆ ಇದೆ. ಮೊಟ್ಟೆ ಮುಟ್ಟಿದರೂ ಅಪರಾಧ. ಮಹಾರಾಷ್ಟ್ರದಲ್ಲಿಯೇ ಇದನ್ನು ನೋಡಬೇಕೆನ್ನುವವರು ರತ್ನಾಗಿರಿ ಜಿಲ್ಲೆಯ ವೇಳಾಸಕ್ಕೆ ಹೋಗಬಹುದು. ಮರಿಗಳು ಕಡಲಿಗಿಳಿಯುವ ಕಾಲಕ್ಕೆ ಅಲ್ಲಿ ಕಾಸವ ಮಹೋತ್ಸವ ನಡೆಯುತ್ತದೆ. ಆದರೆ ಅಲ್ಲಿ ಉಳಿಯುವುದು ಊರವರ ಮನೆಗಳಲ್ಲಿ, ಊಟವೂ ಅವರದೇ.

ನವೆಂಬರ್‌ದಿಂದ ಫೆಬ್ರವರಿ ಒಳ್ಳೆಯ ಕಾಲ. ಶಿವರಾತ್ರಿಗೆ ಮಹಾಬಲೇಶ್ವರನ ರಥೋತ್ಸವ ಇರುವುದರಿಂದ ಆ ವಾರ ಮನೆ ಸಿಗುವುದು ಕಷ್ಟ. ಮಳೆಗಾಲದಲ್ಲಿ ಹೋಗದಿರುವುದೇ ಒಳ್ಳೆಯದು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಕರಾವಳಿ ಹೆದ್ದಾರಿ ಹಲವು ದಿನ ಬಂದಾಗಿತ್ತು.