ಕತ್ತಲೆಕೋಣೆಯ ಕಾಗದ

ನಮ್ಮ ಮನೆಯಲ್ಲಿ ತಾಯಿಯವರ ಒಂದು ಭಾವಚಿತ್ರವಿದೆ. ಬರಗಾಲದ ಒಂದು ಬೇಸಿಗೆಯಲ್ಲಿ ಶ್ರೀನಿವಾಸಪುರದ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದು. ಈಗ ಮುಖದ ಒಂದು ಪಾರ್ಶ್ವ ಹಳದಿಗಟ್ಟಿದೆ. ತೆಗೆದವರ ಕೈಚಳಕದಲ್ಲಿ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ನೀರಿಗೆ.

ಈ ಮಾತನ್ನು ತುಸು ವಿವರಿಸಬೇಕು. ಕಪ್ಪು-ಬಿಳುಪು ಚಿತ್ರಗಳನ್ನು ಮುದ್ರಿಸುವ ಕಾಗದ ಬರಿಯ ಕಾಗದವಲ್ಲ. ಅದರ ಮೇಲೆ ಬೇರಿಯಂ ಸಲ್ಫೇಟಿನ ಬಿಳಿಯ ಲೇಪ, ಅದರ ಮೇಲೆ ಜೆಲಟಿನ್ನಿನಲ್ಲಿ ಹುದುಗಿದ ಬೆಳ್ಳಿಯ ಲವಣ. ನೆಗೆಟಿವಿನ ಮೂಲಕ ಬೆಳಕು ಬಿದ್ದ ಮೇಲೆ ಡೆವಲಪರಿನಲ್ಲಿ ಚಿತ್ರ ಮೂಡುತ್ತದೆ, ಹೈಪೋ ದ್ರಾವಣದಲ್ಲಿ ನೆಲೆಗೊಳ್ಳುತ್ತದೆ. ಚಿತ್ರವನ್ನು ಉಳಿಸಿದ ಆ ಹೈಪೋ ಕಾಗದದ ನಾರಿನಲ್ಲಿ ನಿಂತುಬಿಟ್ಟರೆ ಮುಂದೆ ಅದೇ ಚಿತ್ರವನ್ನು ತಿನ್ನುತ್ತದೆ. ಆದ್ದರಿಂದ ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ತೊಳೆಯಬೇಕೆಂಬುದು ಹಳೆಯ ನಿಯಮ. ಬತ್ತದ ಹೊಳೆಯೊಂದೂ ಇಲ್ಲದೆ ಕೆರೆಬಾವಿಗಳನ್ನೇ ನೆಚ್ಚಿದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ, ಕುಡಿಯಲು ಬಿಂದಿಗೆ ಹೊರುವ ದಿನಗಳಲ್ಲಿ, ಈ ನಿಯಮವನ್ನು ಪಾಲಿಸುವುದು ಹೇಗೆ?

ಕಾಗದಗಳ ಬಗೆ ಆಗ ಹಲವು. ಹೊಳಪಿನದು, ಮಂಕಿನದು, ತೆಳುವು, ದಪ್ಪ. ಪೊಟ್ಟಣದ ಮೇಲಿನ ಅಂಕೆಯೇ ಮುಖ್ಯ: 1 ಎಂದರೆ ಮೃದು, 4 ಎಂದರೆ ಕಠಿಣ. ನೆಗೆಟಿವಿನಲ್ಲಿ ಕಪ್ಪುಬಿಳುಪಿನ ಅಂತರ ಹೆಚ್ಚಿದ್ದರೆ ಮೃದು ಕಾಗದ, ಅದು ಸಪ್ಪೆಯಾಗಿದ್ದರೆ ಕಠಿಣ ಕಾಗದ.

ಆಮದಿನ ಮೇಲೆ ಬಿಗಿ ತಡೆಗಳಿದ್ದ ಕಾಲದಲ್ಲಿ ನೆರೆಯ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಹುಟ್ಟಿತು. 1960ರಲ್ಲಿ ಸ್ಥಾಪನೆ, 1967ರಲ್ಲಿ ಉತ್ಪಾದನೆ. 'ಇಂದು' ಎಂಬ ಹೆಸರಿನಲ್ಲಿ ಅದರ ಸರಕು ಅಂಗಡಿಗಳಿಗೆ ಬಂತು. ಚಂದ್ರನ ಹೆಸರು, ಕತ್ತಲೆಕೋಣೆಯ ಕೆಲಸಕ್ಕೆ ಒಪ್ಪುವ ಹೆಸರೇ. 1991ರ ಅನಂತರ ಆಮದಿನ ತಡೆಗಳು ಸಡಿಲವಾದವು, ಬಣ್ಣದ ಚಿತ್ರಗಳು ಊರೂರಿಗೂ ಬಂದವು. ಕಾರ್ಖಾನೆ ಸೊರಗಿ ಕೊನೆಗೆ ಮುಚ್ಚಿತು. ಹೊರನಾಡುಗಳಲ್ಲಿಯೂ ಇದೇ ಕಥೆ. 2004ರಲ್ಲಿ ಇಲ್ಫರ್ಡ್ ದಿವಾಳಿಯ ಅಂಚಿಗೆ ಬಂದಿತು. 2005ರಲ್ಲಿ ಕೊಡಕ್ ಕಪ್ಪು-ಬಿಳುಪು ಕಾಗದದ ತಯಾರಿಕೆಯನ್ನೇ ನಿಲ್ಲಿಸಿತು. ಅದೇ ವರ್ಷ ಆಗ್ಫಾಫೋಟೋ ದಿವಾಳಿಯೆದ್ದಿತು. ಇಲ್ಫರ್ಡ್ ಮಾತ್ರ ತನ್ನ ನೌಕರರಲ್ಲಿಯೇ ಕೆಲವರು ಕೊಂಡುಕೊಂಡದ್ದರಿಂದ ಹಾರ್ಮನ್ ಎಂಬ ಸಂಸ್ಥೆಯಲ್ಲಿ ಉಳಿಯಿತು. ಚೆಕ್ ದೇಶದ ಫೋಮಾ ಕೂಡ ಉಳಿದಿದೆ.

ಅಮ್ಮನ ನೆಗೆಟಿವ್ ಪುಣ್ಯಕ್ಕೆ ನಮ್ಮ ಪೆಟ್ಟಿಗೆಯಲ್ಲಿಯೇ ಸಿಕ್ಕಿತು. ಮತ್ತೆ ಮುದ್ರಿಸಲು ಹೊರಟಾಗ ಬೆಂಗಳೂರಿನ ಗೆಳೆಯರು ಕೇಳಿದರು: "ಯಾವ ಕಾಗದ ಹಾಕೋಣ, ಮೇಷ್ಟ್ರೇ?" ಅಂಕೆಯ ತೊಡಕು ಬಗೆಹರಿದಿತ್ತು. ಇಲ್ಫರ್ಡಿನವರು 1940ರಷ್ಟು ಹಿಂದೆಯೇ ತಂದ ಮಲ್ಟಿಗ್ರೇಡ್ ಕಾಗದ ಒಂದೇ ಹಾಳೆಯಲ್ಲಿ ಎಲ್ಲ ಅಂಕೆಗಳನ್ನೂ ಅಡಗಿಸಿಕೊಂಡಿದೆ. ಹಳದಿ ಶೋಧಕ ಹಿಡಿದರೆ ಮೃದು, ಕೆನ್ನೀಲಿ ಹಿಡಿದರೆ ಕಠಿಣ. ಉಳಿದ ಆಯ್ಕೆ ಒಂದೇ: ಪ್ಲಾಸ್ಟಿಕ್ ಲೇಪದ ಕಾಗದವೋ, ನಾರಿನ ಕಾಗದವೋ? ಮೊದಲನೆಯದು ನೀರನ್ನು ಹೀರುವುದಿಲ್ಲ. ಎರಡು ನಿಮಿಷ ತೊಳೆದರೆ ಸಾಕು. ನಮ್ಮ ಸೀಮೆಗೆ ಅದೇ ವಿವೇಕದ ದಾರಿ. ಆದರೂ ಬಹುಕಾಲ ಬಾಳುವುದೆಂದು ಹೆಸರಾದದ್ದು ಚೆನ್ನಾಗಿ ತೊಳೆದ ನಾರಿನ ಕಾಗದ.

ನಾನು ನಾರಿನದನ್ನೇ ಆರಿಸಿದೆ. ಹರಿಯುವ ನೀರು ಬಿಡಲಿಲ್ಲ. ಸೋಡಿಯಂ ಸಲ್ಫೈಟಿನ ದ್ರಾವಣದಲ್ಲಿ ಅದ್ದಿ, ಆಮೇಲೆ ತಟ್ಟೆಯ ನೀರನ್ನು ಮತ್ತೆ ಮತ್ತೆ ಬದಲಿಸಿದೆವು. ಪ್ರತಿ ಸಲವೂ ಹೈಪೋ ಒಂದಿಷ್ಟು ಹೊರಬರುತ್ತದೆ, ನೀರೂ ಉಳಿಯುತ್ತದೆ. ಆ ನೀರನ್ನು ಅಳೆದು ಸುರಿಯುವಾಗ ಶ್ರೀನಿವಾಸಪುರದ ಆ ಛಾಯಾಗ್ರಾಹಕರ ಮೇಲೆ ನನಗಿದ್ದ ಹಳೆಯ ಮುನಿಸು ಕರಗಿತು. ಅವರಿಗೆ ಆ ಬೇಸಿಗೆಯಲ್ಲಿ ಸಿಕ್ಕಿದ್ದು ಎಷ್ಟು ಬಿಂದಿಗೆಯೋ!

ರೈಸ್ ಸಾಹೇಬರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಅರಸರ ದಾನಗಳಿಗೆ, ವೀರರ ಮರಣಕ್ಕೆ ಕಲ್ಲು ದೊರಕಿತ್ತು. ನಮ್ಮ ತಾಯಂದಿರ ಮುಖಗಳಿಗೆ ದೊರೆತದ್ದು ಈ ಕಾಗದ. ಅದನ್ನು ತಯಾರಿಸುವವರು ಬೆರಳೆಣಿಕೆಯಷ್ಟು ಉಳಿದಿರುವಾಗಲೇ, ಪೆಟ್ಟಿಗೆಯ ತಳದಲ್ಲಿರುವ ನೆಗೆಟಿವುಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.