ಪಟ್ಟೆಯ ಮೇಲೆ ಕುಂಚ ತಡವಾಗಿ ಬಂದದ್ದೇಕೆ

ಮಲೆನಾಡಿನ ಯಸಳೂರು, ಹೆತ್ತೂರು ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ಪಟ್ಟೆಸೀರೆ, ಎಂದರೆ ರೇಷ್ಮೆ ಸೀರೆ, ಸಿಗುತ್ತದೆ, ಪಟ್ಟೆಯ ಮೇಲೆ ಬರೆದ ಚಿತ್ರ ಸಿಗುವುದಿಲ್ಲ. ಕನ್ನಡ ನಾಡಿಗೆಲ್ಲ ಹೆಚ್ಚುಕಡಿಮೆ ಇದೇ ಮಾತು ಒಪ್ಪುತ್ತದೆ. ಚೀನಾದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ರೇಷ್ಮೆಯ ಮೇಲೆ ಚಿತ್ರ ಬರೆದು ಶವಪೆಟ್ಟಿಗೆಯ ಮೇಲೆ ಹೊದಿಸುತ್ತಿದ್ದರು. 1972ರಲ್ಲಿ ಮವಾಂಗ್‌ದುಯಿ ಸಮಾಧಿಯಲ್ಲಿ ಅಂಥದೊಂದು ಪಟ ಬಣ್ಣಸಮೇತ ಸಿಕ್ಕಿತು. ನಮ್ಮಲ್ಲಿ ಅದು ಬೆಳೆಯದಿದ್ದುದಕ್ಕೆ ಕೈಚಳಕದ ಕೊರತೆ ಕಾರಣವಲ್ಲ. ರೇಷ್ಮೆ ಇಲ್ಲಿ ತೂಗುಹಾಕುವ ಬಟ್ಟೆಯಾಗಲಿಲ್ಲ, ಉಡುವ ಬಟ್ಟೆಯಾಯಿತು. ಮದುವೆಗೆ, ಪೂಜೆಗೆ, ಮಡಿಗೆ ಉಟ್ಟು, ನೆರಿಗೆ ಹಿಡಿದು, ಬೆವರಿ, ಮಡಚಿ ಎತ್ತಿಡುವ ಬಟ್ಟೆ. ಅದರ ಅಂದ ನೂಲಿನೊಳಗೇ ಇರಬೇಕಿತ್ತು. ಮೇಲೆ ಬಳಿದ ಬಣ್ಣ ಆ ಬಾಳಿಕೆಗೆ ಒದಗುತ್ತಿರಲಿಲ್ಲ.

12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ವನ್ನು ನೋಡಿ. ಚಿತ್ರಕಲೆಯ ವಿವರ ಅಲ್ಲಿ ಮನೆಯ ಭೋಗದ ಜೊತೆ ಬರುತ್ತದೆ: ಗೋಡೆ ನಯ ಮಾಡುವುದು, ಎಮ್ಮೆಯ ಚರ್ಮ ಕುದಿಸಿ ವಜ್ರಲೇಪದ ಅಂಟು ತೆಗೆಯುವುದು. ಬಟ್ಟೆಯ ಮಾತು ವಸ್ತ್ರೋಪಭೋಗವೆಂದು ಬೇರೆಯೇ ಇದೆ. ಗೋಡೆ ಚಿತ್ರಗಾರನದು, ಬಟ್ಟೆ ನೇಕಾರ ಮತ್ತು ಬಣ್ಣಗಾರರದು ಎಂಬ ವಿಂಗಡಣೆ ನಮ್ಮ ಕಸುಬುಗಳಲ್ಲಿ ಬಹುಕಾಲ ಉಳಿಯಿತು. ಮೊಳಕಾಲ್ಮೂರಿನಲ್ಲಿ ನೂಲನ್ನೇ ಕಟ್ಟಿ ಬಣ್ಣಕ್ಕೆ ಅದ್ದಿ ಆಮೇಲೆ ನೇಯುತ್ತಾರೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಸೂಜಿ ಗೋಪುರ, ತೇರು, ಆನೆಗಳನ್ನು ಎಣಿಸಿದ ಎಳೆಗಳ ಮೇಲೆ ಮೂಡಿಸುತ್ತದೆ. ಎರಡರಲ್ಲೂ ಚಿತ್ತಾರ ನೂಲಿನದೇ.

ರೇಷ್ಮೆಯೇ ಅಪರೂಪವಾಗಿದ್ದಾಗ ಪ್ರಯೋಗಕ್ಕೆ ಯಾರು ಕೈಹಾಕಿಯಾರು ಎಂದು ಕೇಳಬಹುದು. ಮಲೆನಾಡಿನ ಮಟ್ಟಿಗೆ ಇದು ಸರಿಯಾದ ಪ್ರಶ್ನೆ: ತಿಂಗಳುಗಟ್ಟಲೆ ಮಳೆ, ಥಂಡಿ, ಅಂಥ ಹವೆಯಲ್ಲಿ ಹುಳುವಿಗೆ ಸುಣ್ಣಕಟ್ಟು ರೋಗ ಬೇಗ ತಗಲುತ್ತದೆ. ಪಟ್ಟೆ ಇಲ್ಲಿಗೆ ಬಯಲುಸೀಮೆಯಿಂದಲೇ ಬರಬೇಕಿತ್ತು. ಆದರೆ ಮೈಸೂರಿನಲ್ಲಿ ಈ ನೆವ ನಿಲ್ಲುವುದಿಲ್ಲ. ಟಿಪ್ಪು ಸುಲ್ತಾನನೇ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಸಾಕಣೆಗೆ ಒತ್ತುಕೊಟ್ಟಿದ್ದ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ರೇಷ್ಮೆಯೂ ಇತ್ತು, ಅರಮನೆಯ ಆಶ್ರಯದಲ್ಲಿ ನುರಿತ ಚಿತ್ರಗಾರರೂ ಇದ್ದರು. ಆದರೂ ಅವರ ಕಸುಬು ನೆಲೆಗೊಂಡದ್ದು ಹಲಗೆಗೆ ಅಂಟಿಸಿದ ಕಾಗದದ ಮೇಲೆ. ಸಫೇದವೆಂಬ ಬಿಳಿ, ಮಕ್ಕಿಯೆಂಬ ಹಳದಿ, ಅಂಟು ಕಲಸಿದ ಸೊದೆಯನ್ನು ಕುಂಚದ ತುದಿಯಿಂದ ಉಬ್ಬುಗೆರೆಯಾಗಿ ಎಳೆದು, ಆರುವ ಮೊದಲು ಚಿನ್ನದ ರೇಕು ಒತ್ತುತ್ತಿದ್ದರು. ಮಡಚುವ ಬಟ್ಟೆಯ ಮೇಲೆ ಆ ಸೊದೆ ಬಿರುಕು ಬಿಡದೆ ಇರದು.

ರೇಷ್ಮೆ ಅಪರೂಪವೆಂಬ ನೆವಕ್ಕಿಂತ ಗಟ್ಟಿಯಾದ ಆಕ್ಷೇಪ ಕಲಂಕಾರಿಯದು. ಕಾಳಹಸ್ತಿಯವರು ಹತ್ತಿ ಬಟ್ಟೆಯ ಮೇಲೆ ಲೇಖನಿಯಿಂದ ಬರೆದ ಬಣ್ಣ ಎಷ್ಟು ತೊಳೆದರೂ ನಿಲ್ಲುತ್ತದೆ. ರೇಷ್ಮೆಗೇಕೆ ಅದು ಒಗ್ಗಲಿಲ್ಲ? ಉತ್ತರ ಆ ಕೆಲಸದ ಕ್ರಮದಲ್ಲೇ ಇದೆ. ಸಗಣಿ ನೀರಿನಲ್ಲಿ ನೆನೆಸಬೇಕು, ಬಿಸಿಲಿಗೆ ಹರವಬೇಕು, ಅಳಲೆಕಾಯಿ ಬೆರೆಸಿದ ಹಾಲಿನಲ್ಲಿ ಅದ್ದಬೇಕು, ಹೊಳೆಯಲ್ಲಿ ಜಾಲಿಸಬೇಕು, ಕುದಿಸಬೇಕು. ಹತ್ತಿ ಇದನ್ನೆಲ್ಲ ತಾಳುತ್ತದೆ. ರೇಷ್ಮೆ ಪ್ರಾಣಿಜನ್ಯ ನಾರು. ಬಲವಾದ ಕ್ಷಾರವೂ ಸುಡುಬಿಸಿಲೂ ಅದರ ಕಸುವನ್ನು ತಿನ್ನುತ್ತವೆ. ಅಷ್ಟು ಬೆಲೆಯ ಬಟ್ಟೆಯನ್ನು ಆ ಪರೀಕ್ಷೆಗೆ ಒಡ್ಡದೆ ನಮ್ಮ ಹಿರಿಯರು ಉಳಿಸಿಕೊಂಡದ್ದು ವಿವೇಕವೆಂದೇ ನನ್ನ ಎಣಿಕೆ. ಕಲಂಕಾರಿಯವರು ರೇಷ್ಮೆಗೂ ಕೈಹಾಕಿರುವುದು ಈಚಿನ ಮಾತು.

1912ರಲ್ಲಿ ಮೈಸೂರಿನಲ್ಲಿ ಸರ್ಕಾರದ ರೇಷ್ಮೆ ನೇಯ್ಗೆ ಕಾರ್ಖಾನೆ ತೆರೆದ ಮೇಲೂ ಅಲ್ಲಿನ ಸೀರೆಯ ಹೆಸರು ನಿಂತದ್ದು ಒಂದೇ ಬಣ್ಣದ ಮೈ, ಜರಿಯ ಅಂಚುಗಳ ಮೇಲೆ. ಕುಂಚಕ್ಕೆ ದಾರಿಯಾದದ್ದು ರೇಷ್ಮೆಯ ನಾರಿನೊಳಗೇ ಕೂರುವ ಆಮ್ಲವರ್ಣಗಳಿಂದ. ಬಿಗಿದು ಕಟ್ಟಿದ ರೇಷ್ಮೆಗೆ ಒಂದು ತೊಟ್ಟು ಬಣ್ಣ ತಾಗಿಸಿದರೆ ಅದು ಹಾಸು ಹೊಕ್ಕುಗಳ ಗುಂಟ ಹರಿದುಬಿಡುತ್ತದೆ. ಆದ್ದರಿಂದ ಮೊದಲು ಅಂಟಿನ ಗೆರೆಯಿಂದ ಬದು ಹಾಕಿ, ಆ ಬದುವಿನೊಳಗೆ ಬಣ್ಣ ತುಂಬಿ, ಕೊನೆಗೆ ಹಬೆಯಲ್ಲಿಡುತ್ತಾರೆ. ಹಬೆಯಿಂದ ಬಣ್ಣ ನಾರಿಗೆ ಹತ್ತುತ್ತದೆ, ಬಟ್ಟೆಯ ಮೆತುವು ಕೆಡುವುದಿಲ್ಲ. ಅವಸರಕ್ಕೆ ಮೇಲ್ಮೈಗಷ್ಟೇ ಹಚ್ಚುವ ಅಕ್ರಿಲಿಕ್ ಬಣ್ಣವಾದರೋ ನೆರಿಗೆಯಲ್ಲಿ ಬಿರುಸಾಗಿ, ಮಡಿಕೆಯಲ್ಲಿ ಸೀಳುತ್ತದೆ.